ಅಡಿಕೆ ಬಿಲ್ಲಿನ ಒಂದು ರೂಪಾಯಿ, ಊರಿನ ಹೆಸರಿನ ಬಾಲ: ಸಾಫ್ಟ್‌ವೇರ್ ಗುಣಮಟ್ಟದ ಪ್ರಶ್ನೋತ್ತರ

ಶಿವಮೊಗ್ಗ ಸುತ್ತಮುತ್ತ ಸಾಫ್ಟ್‌ವೇರ್ ಕಟ್ಟುತ್ತಿರುವ, ಕಲಿಯುತ್ತಿರುವ, ಬಳಸುತ್ತಿರುವ ಓದುಗರ ಆರು ಪ್ರಶ್ನೆಗಳು ಈ ಸಂಚಿಕೆಯಲ್ಲಿವೆ.

ನಾವು ನಾಲ್ಕು ಜನ ಸೇರಿ ಸಹಕಾರ ಸಂಘಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತೇವೆ. ಒಬ್ಬರ ಕೋಡನ್ನು ಇನ್ನೊಬ್ಬರು ನೋಡಬೇಕೆಂಬ ನಿಯಮವಿದೆ. ಆದರೆ ನೋಡುವವರು ಹತ್ತು ನಿಮಿಷದಲ್ಲಿ ‘ಓಕೆ’ ಅಂದುಬಿಡುತ್ತಾರೆ, ತಪ್ಪು ಸಂಘದವರ ಕೈಯಲ್ಲೇ ಸಿಗುತ್ತದೆ. ಹೀಗಾದರೆ ರಿವ್ಯೂ ಯಾಕೆ ಬೇಕು?
— ಓದುಗರು, ಸಾಗರ

ನೋಡುವವರನ್ನು ದೂರುವ ಮೊದಲು ಅವರ ಮುಂದೆ ಎಷ್ಟು ಸಾಲು ಇಟ್ಟಿದ್ದೀರಿ ಎಂದು ಎಣಿಸಿ. ಹದಿನೈದು ದಿನದ ಕೆಲಸವನ್ನು ಒಟ್ಟಿಗೆ ತಂದು 2,000 ಸಾಲು ಸುರಿದರೆ ಯಾರೂ ಓದುವುದಿಲ್ಲ, ಕಣ್ಣು ಹಾಯಿಸುತ್ತಾರೆ ಅಷ್ಟೆ. ಒಂದು ಸಲಕ್ಕೆ 200 ಸಾಲು, ಹೆಚ್ಚೆಂದರೆ 400. ಕೂತು ಓದುವುದು ಒಂದು ಗಂಟೆ. ಅದನ್ನು ಮೀರಿದರೆ ಗಮನ ಸಡಿಲವಾಗುತ್ತದೆ, ತಪ್ಪು ಕಣ್ಣೆದುರೇ ದಾಟಿ ಹೋಗುತ್ತದೆ. ಐಬಿಎಂನ ಮೈಕೆಲ್ ಫೇಗನ್ 1976ರಲ್ಲೇ ಕೋಡ್ ಇನ್‌ಸ್ಪೆಕ್ಷನ್ನಿನ ಕ್ರಮವನ್ನು ಬರೆದು ಪ್ರಕಟಿಸಿದ್ದರು. ಸಭೆಯಲ್ಲಿ ತಪ್ಪು ಹುಡುಕುವುದಷ್ಟೇ ಕೆಲಸ, ತಿದ್ದುವುದು ಆಮೇಲೆ ಎಂಬುದು ಅವರ ಕಟ್ಟುನಿಟ್ಟು. ಇವತ್ತಿಗೂ ಅದನ್ನು ಬಿಡಬೇಡಿ. ತಿದ್ದುವ ದಾರಿ ಚರ್ಚಿಸುತ್ತ ಕೂತರೆ ಮುಂದಿನ ಐದು ತಪ್ಪು ಹುಡುಕಲು ಹೊತ್ತು ಉಳಿಯುವುದಿಲ್ಲ.

ಕೋಡ್ ಕೊಡುವವರು ಮಾಡಬೇಕಾದ್ದು ಹೆಚ್ಚು. ಹೆಸರು ಬದಲಿಸಿದ್ದು, ಸಾಲು ಜೋಡಿಸಿದ್ದು ಒಂದು ಕಮಿಟ್ (ಒಮ್ಮೆಗೆ ದಾಖಲಿಸುವ ಬದಲಾವಣೆ). ಲೆಕ್ಕ ಬದಲಿಸಿದ್ದು ಬೇರೆಯೇ ಕಮಿಟ್. ಎರಡೂ ಬೆರೆತರೆ 300 ಸಾಲಿನ ಅಲಂಕಾರದ ನಡುವೆ ಬಡ್ಡಿ ಲೆಕ್ಕದ ಒಂದು ಸಾಲು ಅಡಗಿ ಕೂರುತ್ತದೆ. ಜೊತೆಗೆ ನಾಲ್ಕೈದು ಸಾಲಿನ ಟಿಪ್ಪಣಿ ಇರಲಿ: ಏನು ಬದಲಾಯಿತು, ಯಾಕೆ, ಹೇಗೆ ಪರೀಕ್ಷಿಸಿದಿರಿ, ನಿಮಗೇ ಅನುಮಾನ ಇರುವ ಜಾಗ ಯಾವುದು. ಈ ಕೊನೆಯದನ್ನು ಬರೆಯಲು ಜನ ಹಿಂಜರಿಯುತ್ತಾರೆ, ರಿವ್ಯೂಗೆ ಅತಿ ಹೆಚ್ಚು ನೆರವಾಗುವುದು ಅದೇ.

ಓದುವವರು ಮೊದಲು ಟೆಸ್ಟ್ (ಕೋಡ್ ಸರಿಯೇ ಎಂದು ಓಡಿಸಿ ನೋಡುವ ಪುಟ್ಟ ಕೋಡ್) ಓದಲಿ, ಆಮೇಲೆ ಕೋಡ್. ಕೊನೆಗೆ, ಅಲ್ಲಿ ಇಲ್ಲದ್ದನ್ನು ಹುಡುಕಲಿ. ಸದಸ್ಯರ ಪಟ್ಟಿ ಖಾಲಿ ಇದ್ದರೆ? ಒಂದೇ ಖಾತೆಯನ್ನು ಇಬ್ಬರು ಗುಮಾಸ್ತರು ಒಟ್ಟಿಗೆ ತೆರೆದರೆ? ಫೈಲ್ ಅರ್ಧಕ್ಕೆ ನಿಂತರೆ? ಬರೆದ ಸಾಲಿನಲ್ಲಿರುವ ತಪ್ಪನ್ನು ಟೆಸ್ಟ್ ಹಿಡಿದೀತು. ಬರೆಯದೇ ಬಿಟ್ಟದ್ದು ಮನುಷ್ಯರ ಕಣ್ಣಿಗೇ ಬೀಳಬೇಕು. ಖಾಲಿ ಜಾಗ, ಬ್ರಾಕೆಟ್, ಸಾಲಿನ ಉದ್ದದ ತಕರಾರೆಲ್ಲ ಕೋಡನ್ನು ತಾನಾಗಿ ಒಪ್ಪವಾಗಿ ಜೋಡಿಸುವ ಫಾರ್ಮ್ಯಾಟರ್‌ಗೆ ಬಿಡಿ. ಪ್ರತಿ ಟೀಕೆಯ ಮುಂದೆ ‘ತಿದ್ದಲೇಬೇಕು’ ಅಥವಾ ‘ಸಲಹೆ’ ಎಂದು ಬರೆದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಉತ್ತರ ಅದೇ ದಿನ ಕೊಡಿ. ಮೂರು ದಿನ ಕಾಯಿಸಿದರೆ ಬರೆದವರು ಅದರ ಮೇಲೇ ಇನ್ನಷ್ಟು ಕಟ್ಟಿರುತ್ತಾರೆ, ಅಡಿಪಾಯ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ. ಮುಖ್ಯ ಬ್ರಾಂಚಿಗೆ (ಎಲ್ಲರ ಕೆಲಸ ಸೇರುವ ಮೂಲ ಪ್ರತಿಗೆ) ನೇರವಾಗಿ ಸೇರಿಸಲು ಆಗದಂತೆ, ಕೋಡ್ ಇಡುವ ರೆಪಾಸಿಟರಿಯಲ್ಲಿ ತಡೆ ಹಾಕಿ. ತಂಡದ ಹಿರಿಯರಿಗೂ ಆ ತಡೆ ಇರಬೇಕು. ‘ಅವರ ಕೋಡ್ ನೋಡುವುದೇನು ಬಂತು’ ಎಂಬ ಸಂಕೋಚ ನಮ್ಮ ಕಡೆ ಜಾಸ್ತಿ. ವ್ಯವಸ್ಥೆಯ ಅತಿ ಸೂಕ್ಷ್ಮ ಭಾಗಗಳನ್ನು ಮುಟ್ಟುವವರು ಅವರೇ ಆದ್ದರಿಂದ ಅದನ್ನು ಎರಡು ಸಲ ನೋಡಬೇಕು.

ಅಡಿಕೆ ಮಂಡಿಯ ಬಿಲ್ ಮಾಡುವ ಆ್ಯಪ್ ನಮ್ಮದು. ಟೆಸ್ಟ್ ಎಲ್ಲ ಪಾಸ್. ಆದರೂ ಕೆಲವು ಬಿಲ್‌ಗಳಲ್ಲಿ ಕೈಲೆಕ್ಕಕ್ಕೂ ಆ್ಯಪ್‌ಗೂ ಒಂದು ರೂಪಾಯಿ ವ್ಯತ್ಯಾಸ. ರೈತರು ಒಂದು ರೂಪಾಯಿ ಬಿಟ್ಟಾರು, ನಂಬಿಕೆ ಹೋಗುತ್ತದಲ್ಲ?
— ಓದುಗರು, ತೀರ್ಥಹಳ್ಳಿ

ಖಂಡಿತ ಹೋಗುತ್ತದೆ. ಕಾರಣವನ್ನು ಒಂದು ಬಿಲ್ ಬಿಡಿಸಿಯೇ ನೋಡೋಣ. ‘ರಾಶಿ ಇಡಿ’ ಎಂಬ ಬಗೆಯ ಅಡಿಕೆ, ಕ್ವಿಂಟಾಲಿಗೆ 48,350 ರೂ. ಎಂದಿಟ್ಟುಕೊಳ್ಳಿ. ಮೂರು ಚೀಲ: 64.4, 66.1, 62.7 ಕೆಜಿ. ಚೀಲವಾರು ಮೊತ್ತ 31,137.40, 31,959.35 ಮತ್ತು 30,315.45. ಒಂದೊಂದನ್ನೂ ಹತ್ತಿರದ ಪೂರ್ಣ ರೂಪಾಯಿಗೆ ಇಳಿಸಿ ಕೂಡಿದರೆ 93,411. ಪೈಸೆ ಸಮೇತ ಕೂಡಿ ಕೊನೆಗೆ ಇಳಿಸಿದರೆ 93,412. ಎರಡೂ ಲೆಕ್ಕ ಸರಿ, ನಿಯಮ ಬೇರೆ. ಯಾವ ನಿಯಮ ಎಂದು ಮಂಡಿಯವರನ್ನು ಕೇಳಿ ಬರೆದುಕೊಂಡಿರುವುದಿಲ್ಲ, ಹಾಗಾಗಿ ಕೋಡ್ ಬರೆದವರ ಊಹೆಯನ್ನೇ ಟೆಸ್ಟ್ ಕೂಡ ಪರೀಕ್ಷಿಸುತ್ತದೆ. ಪಾಸ್ ಆಗದೆ ಇನ್ನೇನು?

ಇನ್ನೊಂದು ಗುಪ್ತ ಕಾರಣವಿದೆ. ಪೈಥಾನ್ 3 ಭಾಷೆ ಅರ್ಧವನ್ನು ಹತ್ತಿರದ ಸಮಸಂಖ್ಯೆಗೆ ಹೊಂದಿಸುತ್ತದೆ: 2.5 ಕೊಟ್ಟರೆ 2. ಜಾವಾಸ್ಕ್ರಿಪ್ಟಿನ ಮ್ಯಾಥ್ ರೌಂಡ್ ಅದನ್ನೇ 3 ಮಾಡುತ್ತದೆ. ಮೊಬೈಲ್ ಆ್ಯಪ್ ಒಂದರಲ್ಲಿ, ಸರ್ವರ್ ಇನ್ನೊಂದರಲ್ಲಿ ಇದ್ದರೆ ಪರದೆಯ ಮೇಲೆ ಕಂಡ ಮೊತ್ತ ಒಂದು, ಪ್ರಿಂಟಾದದ್ದು ಇನ್ನೊಂದು.

ದುಡ್ಡನ್ನು, ದಶಾಂಶ ಸಂಖ್ಯೆಗಳ ಅಂದಾಜು ರೂಪವಾದ ಫ್ಲೋಟ್‌ನಲ್ಲಿ ಇಡಲೇಬೇಡಿ. ಅಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ, ಏಕೆಂದರೆ ಈ ದಶಾಂಶಗಳು ಬೈನರಿಯಲ್ಲಿ ಪೂರ್ಣವಾಗಿ ಕೂರುವುದಿಲ್ಲ. ತೂಕವನ್ನು ಗ್ರಾಂನಲ್ಲಿ, ದರವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ: 64,400 ಗ್ರಾಂ × 48,35,000 ಪೈಸೆ ÷ 1,00,000. ಬಂದದ್ದು 31,13,740 ಪೈಸೆ. ಇಲ್ಲೊಂದು ಹೊಂಡವಿದೆ, ರಿವ್ಯೂ ಮಾಡುವವರು ಬೆರಳಿಟ್ಟು ತೋರಿಸಬೇಕು. ಭಾಗಿಸುವ ಮೊದಲಿನ ಗುಣಲಬ್ಧ 31,137 ಕೋಟಿ ದಾಟುತ್ತದೆ. 32 ಬಿಟ್‌ನ ಪೂರ್ಣಾಂಕ ಹಿಡಿಯುವುದು ಸುಮಾರು 214 ಕೋಟಿ ಮಾತ್ರ. 64 ಬಿಟ್ ಬಳಸದಿದ್ದರೆ ಮೊತ್ತ ಋಣ ಸಂಖ್ಯೆಯೂ ಆಗಬಹುದು. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ 40 ಸೆಕೆಂಡಿನೊಳಗೆ ನಾಶವಾದದ್ದೂ ಇದೇ ಜಾತಿಯ ತಪ್ಪಿನಿಂದ: 64 ಬಿಟ್‌ನ ಸಂಖ್ಯೆಯನ್ನು 16 ಬಿಟ್‌ಗೆ ತುರುಕಿದ್ದರು. ಆ ಕೋಡ್ ಏರಿಯಾನ್ 4ರಲ್ಲಿ ಸರಿಯಾಗಿಯೇ ನಡೆದಿತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಸಂಖ್ಯೆ ದೊಡ್ಡದಾಯಿತು.

ಮಂಡಿಯ ಹಳೆಯ ಕೈಬರಹದ ಬಿಲ್ ಮೂವತ್ತನ್ನು ಕೇಳಿ ಪಡೆದು ಅವನ್ನೇ ಟೆಸ್ಟ್ ಮಾಡಿ. ನೀವು ಊಹಿಸಿದ ಉತ್ತರದ ಬದಲು ಅವರು ಕೊಟ್ಟ ದುಡ್ಡೇ ಸರಿಯುತ್ತರವಾಗಲಿ. ಮೊತ್ತವನ್ನು ಅಲ್ಪವಿರಾಮ ಹಾಕಿ ಟೈಪ್ ಮಾಡುವವರನ್ನೂ ಮರೆಯಬೇಡಿ. ಬರಹವನ್ನು ಸಂಖ್ಯೆಯಾಗಿಸುವ ಜಾವಾಸ್ಕ್ರಿಪ್ಟಿನ ಪಾರ್ಸ್‌ಫ್ಲೋಟ್‌ಗೆ ‘1,25,000’ ಕೊಟ್ಟರೆ ಸಿಗುವುದು 1.

ಮಳೆಗಾಲದಲ್ಲಿ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ. ಒಂದೇ ರಸೀದಿ ಎರಡು ಸಲ ದಾಖಲಾಗುತ್ತದೆ. ಆಫೀಸಿನಲ್ಲಿ ಎಷ್ಟು ಪರೀಕ್ಷಿಸಿದರೂ ಈ ತಪ್ಪು ಕಾಣಿಸುವುದಿಲ್ಲ.
— ಓದುಗರು, ಹೊಸನಗರ

ಆಫೀಸಿನಲ್ಲಿ ಮಳೆ ಇಲ್ಲವಲ್ಲ, ಕಾಣಿಸುವುದಾದರೂ ಹೇಗೆ. ರಸೀದಿ ಸರ್ವರ್ ತಲುಪಿ ದಾಖಲಾಗಿದೆ, ‘ಆಯಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದಿದೆ. ಫೋನಿಗೆ ಅದು ಗೊತ್ತಿಲ್ಲ, ಮತ್ತೆ ಕಳಿಸುತ್ತದೆ. ಇದನ್ನು ಬೇಕೆಂದೇ ಆಗಿಸಿ ನೋಡಿ: ಪರೀಕ್ಷಾ ಸರ್ವರ್ ದಾಖಲೆ ಬರೆದ ಮೇಲೆ ಉತ್ತರ ಕೊಡಲು 10 ಸೆಕೆಂಡ್ ತಡ ಮಾಡಲಿ. ಸೇವ್ ಒತ್ತಿ, ಮೂರನೇ ಸೆಕೆಂಡಿಗೆ ಏರೋಪ್ಲೇನ್ ಮೋಡ್ ಹಾಕಿ, ಒಂದು ನಿಮಿಷ ಬಿಟ್ಟು ತೆಗೆಯಿರಿ. ಎರಡು ರಸೀದಿ ಬಂದರೆ ತಪ್ಪು ಕೈಗೆ ಸಿಕ್ಕಿತು.

ಪರಿಹಾರ: ರಸೀದಿಗೆ ಒಂದು ವಿಶಿಷ್ಟ ಗುರುತನ್ನು ಫೋನೇ ಹುಟ್ಟಿಸಬೇಕು, ಅದೂ ಫಾರ್ಮ್ ತೆರೆದಾಗ. ಸೇವ್ ಒತ್ತಿದಾಗ ಹುಟ್ಟಿಸಿದರೆ ಎರಡನೇ ಒತ್ತಿಗೆ ಎರಡನೇ ಗುರುತು ಬಂದು ಎಲ್ಲ ವ್ಯರ್ಥ. ಡೇಟಾಬೇಸಿನಲ್ಲಿ ಆ ಕಾಲಮ್ಮಿಗೆ ಯೂನಿಕ್ ನಿರ್ಬಂಧ (ಒಂದೇ ಗುರುತು ಎರಡು ಸಲ ಸೇರದಂತೆ ತಡೆ) ಹಾಕಿ. ‘ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸು’ ಎಂದು ಕೋಡಿನಲ್ಲಿ ಮಾತ್ರ ಬರೆದರೆ ಸಾಲದು. ಎರಡು ಕೋರಿಕೆ ಒಂದೇ ಗಳಿಗೆಯಲ್ಲಿ ಬಂದರೆ ಎರಡಕ್ಕೂ ‘ಇಲ್ಲ’ ಎಂದೇ ಕಾಣುತ್ತದೆ. ಪುನಃ ಬಂದ ಗುರುತಿಗೆ ಎರರ್ ಕೊಡಬೇಡಿ, ಹಳೆಯ ರಸೀದಿಯನ್ನೇ ತಿರುಗಿ ಕಳಿಸಿ.

ಊರಿನ ಹೆಸರು ಕನ್ನಡದಲ್ಲಿ ಹುಡುಕಿದರೆ ಕೆಲವು ಸಿಗುವುದಿಲ್ಲ, ಕೆಲವು ಬಾಲ ಕತ್ತರಿಸಿ ಪ್ರಿಂಟಾಗುತ್ತವೆ. ಇಂಗ್ಲಿಷಿನಲ್ಲಿ ತೊಂದರೆ ಇಲ್ಲ.
— ಓದುಗರು, ಭದ್ರಾವತಿ

ಇಂಗ್ಲಿಷ್ ಹೆಸರುಗಳಿಂದಷ್ಟೇ ಪರೀಕ್ಷಿಸಿದ್ದರಿಂದ ಹೀಗಾಗಿದೆ. ‘ತೀರ್ಥಹಳ್ಳಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ತೀ, ರ್ಥ, ಹ, ಳ್ಳಿ. ಯಂತ್ರಗಳು ಅಕ್ಷರಗಳಿಗೆ ಬಳಸುವ ಯೂನಿಕೋಡಿನಲ್ಲಿ ಹತ್ತು ಸಂಕೇತ, ಏಕೆಂದರೆ ದೀರ್ಘ, ಗುಡಿಸು, ವಿರಾಮ ಎಲ್ಲ ಬೇರೆಬೇರೆ. ಅವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್, ಒಟ್ಟು 30. 25 ಬೈಟಿನ ಜಾಗ ಇಟ್ಟಿದ್ದರೆ ‘ಳ್ಳಿ’ ಮುರಿಯುತ್ತದೆ, ಚೌಕಾಕಾರದ ಗುರುತು ಉಳಿಯುತ್ತದೆ.

ಹುಡುಕಾಟದ ತೊಂದರೆ ಬೇರೆ. ‘ಗೋಪಾಲ’ದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ, ಊತ್ವದ ಚಿಹ್ನೆ ಮತ್ತು ದೀರ್ಘ ಎಂಬ ಮೂರು ತುಂಡಾಗಿಯೂ ಇರಬಹುದು. ನೋಡಲು ಎರಡೂ ಒಂದೇ, ಯಂತ್ರಕ್ಕೆ ಬೇರೆ. ಉಳಿಸುವಾಗಲೂ ಹುಡುಕುವಾಗಲೂ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ಕ್ರಮ) ತಂದರೆ ಇದು ಮುಗಿಯುತ್ತದೆ. ಅಕ್ಷರಗಳನ್ನು ಕೂಡಿಸುವ, ಬಿಡಿಸುವ, ಕಣ್ಣಿಗೆ ಕಾಣದ ಗುರುತುಗಳಾದ ಜಾಯ್ನರ್, ನಾನ್-ಜಾಯ್ನರ್‌ಗಳನ್ನು ಹುಡುಕಾಟದ ಪ್ರತಿಯಿಂದ ಮಾತ್ರ ತೆಗೆಯಿರಿ, ಮೂಲ ಹೆಸರಿನಿಂದ ಬೇಡ. ಕನ್ನಡ ಅಂಕಿ ಬಳಸುವ ಕಡೆ ಅಂಕಿಯ ಸೊನ್ನೆಯ ಬದಲು ಅನುಸ್ವಾರದ ಸೊನ್ನೆ ಟೈಪ್ ಆಗಿದೆಯೇ ಎಂದೂ ತಪಾಸಣೆ ಇರಲಿ. ಪರೀಕ್ಷೆಯ ಪಟ್ಟಿಯಲ್ಲಿ ಹೊಸನಗರ, ಸೊರಬ ಸಾಲದು. ತೀರ್ಥಹಳ್ಳಿ, ಕೋಣಂದೂರು, ರಿಪ್ಪನ್‌ಪೇಟೆ ಇರಲೇಬೇಕು. ಒತ್ತಕ್ಷರ, ಓತ್ವ, ನಾನ್-ಜಾಯ್ನರ್ ಮೂರಕ್ಕೂ ಈ ಮೂರು ಊರು ಸಾಕ್ಷಿ.

ಪ್ರಾಜೆಕ್ಟ್‌ನಲ್ಲಿ ಟೆಸ್ಟ್ ಕವರೇಜ್ ಶೇ. 100 ತೋರಿಸಲೇಬೇಕೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಶಿವಮೊಗ್ಗ

ಬೇಡ. ಆ ಸಂಖ್ಯೆ ಹೇಳುವುದು ಟೆಸ್ಟ್ ನಡೆಯುವಾಗ ಕೋಡಿನ ಎಷ್ಟು ಸಾಲು ಓಡಿತು ಎಂಬುದನ್ನಷ್ಟೆ, ಉತ್ತರ ಸರಿಯಿತ್ತೇ ಎಂಬುದನ್ನಲ್ಲ. ಫಂಕ್ಷನ್ ಕರೆದು ಏನನ್ನೂ ತಾಳೆ ನೋಡದ ಟೆಸ್ಟೂ ಶೇ. 100 ಕೊಡುತ್ತದೆ. ‘65 ಕೆಜಿ ಮೀರಿದ ಚೀಲಕ್ಕೆ ಹೆಚ್ಚಿನ ಹಮಾಲಿ’ ಎಂಬ ನಿಯಮವಿದ್ದರೆ 40 ಮತ್ತು 90 ಕೆಜಿಯ ಎರಡು ಟೆಸ್ಟಿನಲ್ಲಿ ಕವರೇಜ್ ಪೂರ್ತಿಯಾಗುತ್ತದೆ. ತಪ್ಪು ಕೂತಿರುವುದು ಗಡಿಯಲ್ಲಿ, 64.9, 65.0, 65.1ರಲ್ಲಿ. ನಿಮ್ಮ ಟೆಸ್ಟ್ ಗಟ್ಟಿಯೇ ಎಂದು ತಿಳಿಯಲು ಕೋಡಿನ ‘ಹೆಚ್ಚು’ ಚಿಹ್ನೆಯನ್ನು ‘ಹೆಚ್ಚು ಅಥವಾ ಸಮ’ ಎಂದು ಬೇಕೆಂದೇ ಕೆಡಿಸಿ ಓಡಿಸಿ. ಆಗಲೂ ಎಲ್ಲ ಹಸಿರು (ಪಾಸ್) ಬಂದರೆ ಆ ಟೆಸ್ಟ್ ಕಾಯುತ್ತಿಲ್ಲ. ಮ್ಯುಟೇಶನ್ ಟೆಸ್ಟಿಂಗ್ ಸಾಧನಗಳು ಇದೇ ಕೆಲಸವನ್ನು ತಾವಾಗಿ ಮಾಡುತ್ತವೆ.

ಹಾಲಿನ ಡೇರಿಯ ಸಾಫ್ಟ್‌ವೇರ್. ಬೆಳಗಿನ ಜಾವ ಹಾಕಿದ ಹಾಲು ಕೆಲವು ಸಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಮೊದಲು ಹೀಗಿರಲಿಲ್ಲ, ಯಾವಾಗ ಶುರುವಾಯಿತೆಂದೂ ತಿಳಿಯುತ್ತಿಲ್ಲ.
— ಓದುಗರು, ಶಿಕಾರಿಪುರ

5.30ರ ಮೊದಲು ಬಂದ ಹಾಲಿಗೆ ಮಾತ್ರ ಹೀಗಾಗುತ್ತಿದೆಯೇ ಎಂದು ನೋಡಿ. ಆಗಿದ್ದರೆ ಸರ್ವರ್ ದಿನಾಂಕವನ್ನು ಯುಟಿಸಿ (ಜಗತ್ತಿನ ಪ್ರಮಾಣ ಸಮಯ) ಗಡಿಯಾರದಿಂದ ತೆಗೆಯುತ್ತಿದೆ. ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ 5.20 ಅಲ್ಲಿ ಹಿಂದಿನ ರಾತ್ರಿ 11.50. ಏಪ್ರಿಲ್ 1ರಂದು ಹೀಗಾದರೆ ಹಾಲು ಹಿಂದಿನ ಆರ್ಥಿಕ ವರ್ಷಕ್ಕೇ ಸೇರಿಬಿಡುತ್ತದೆ. ಕ್ಷಣವನ್ನು ಯುಟಿಸಿಯಲ್ಲೇ ಇಡಿ, ಆದರೆ ‘ಹಾಲು ಹಾಕಿದ ದಿನ’ ಮತ್ತು ‘ಬೆಳಿಗ್ಗೆ/ಸಂಜೆ’ ಎಂಬುದನ್ನು ಭಾರತೀಯ ಕಾಲಮಾನದಂತೆ ಬೇರೆ ಕಾಲಮ್‌ಗಳಲ್ಲಿ ಬರೆಯಿರಿ.

ಯಾವ ಬದಲಾವಣೆ ಕೆಡಿಸಿತು ಎಂದು ಹುಡುಕಲು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನದಲ್ಲಿ ‘ಬೈಸೆಕ್ಟ್’ ಎಂಬ ಆಜ್ಞೆ ಇದೆ. ಸರಿಯಿದ್ದ ಒಂದು ಹಳೆಯ ಕಮಿಟ್, ಕೆಟ್ಟಿರುವ ಇಂದಿನ ಕಮಿಟ್ ಎರಡನ್ನೂ ಹೇಳಿ. ಅದು ನಡುವಿನದನ್ನು ತೆರೆದುಕೊಡುತ್ತದೆ, ನೀವು ಪರೀಕ್ಷಿಸಿ ‘ಸರಿ’ ಅಥವಾ ‘ಕೆಟ್ಟಿದೆ’ ಎನ್ನಬೇಕು. 500 ಕಮಿಟ್ ಇದ್ದರೂ ಒಂಬತ್ತು ಸಲದಲ್ಲಿ ಸಿಗುತ್ತದೆ. ಸಿಕ್ಕ ಕೂಡಲೇ ತಿದ್ದಲು ಹೋಗಬೇಡಿ. ಮೊದಲು 5.29ಕ್ಕೊಂದು, 5.30ಕ್ಕೊಂದು ಟೆಸ್ಟ್ ಬರೆದು 5.29ರದ್ದು ಫೇಲ್ ಆಗುವುದನ್ನು ಕಣ್ಣಾರೆ ನೋಡಿ, ಆಮೇಲೆ ತಿದ್ದಿ. ಹಿಂದಿನ ದಿನಕ್ಕೆ ಹೋಗಿ ಕೂತಿರುವ ಹಳೆಯ ದಾಖಲೆಗಳನ್ನು ಸರಿಪಡಿಸುವ ಸ್ಕ್ರಿಪ್ಟ್ ಬೇರೆ ಬರೆಯಬೇಕು. ಅದನ್ನೂ ಡೇಟಾಬೇಸಿನ ಪ್ರತಿಯ ಮೇಲೆ ಓಡಿಸಿ, ಒಬ್ಬ ಹಾಲು ಉತ್ಪಾದಕರ ಒಂದು ತಿಂಗಳ ಪಾಸ್‌ಬುಕ್ಕಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿದ ಮೇಲೆಯೇ ನಿಜವಾದ ಡೇಟಾ ಮುಟ್ಟಿ.