ಅರಮನೆ ಮೈದಾನ ಯಾರದು? ಮರುಪರಿಶೀಲನೆಯಿಂದ ಏನಾದೀತು?

ಕಾನೂನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಬೆಂಗಳೂರು ಅರಮನೆ ಮೈದಾನದ ಅಂಚಿನ ರಸ್ತೆ ಅಗಲೀಕರಣದ ವಿಷಯದಲ್ಲಿ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೈಸೂರು ರಾಜಮನೆತನದ ಪರವಾಗಿ ಆದೇಶ ನೀಡಿತೆಂದು ಓದಿದೆ. ಹಾಗಾದರೆ ಅರಮನೆಯ ಜಾಗ ಅವರದೇ ಎಂದು ತೀರ್ಮಾನವಾದಂತೆಯೇ? ಸರ್ಕಾರ ಮರುಪರಿಶೀಲನೆ ಕೋರಿದರೆ ಎಲ್ಲವೂ ಮೊದಲಿನಿಂದ ವಿಚಾರಣೆಗೆ ಬರುತ್ತದೆಯೇ? ಅರಸೊತ್ತಿಗೆಯೇ ಹೋದ ಮೇಲೆ ಅರಸರ ಆಸ್ತಿ ಉಳಿದದ್ದಾದರೂ ಹೇಗೆ?
(ಓದುಗರೊಬ್ಬರು, ಮೈಸೂರು)

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದೆರಡರ ಬೇರು ಅಲ್ಲಿದೆ.

ಸಂಸ್ಥಾನಗಳು ಭಾರತದೊಡನೆ ಸೇರಿದಾಗ ಅರಸನ ಕೈಯಲ್ಲಿದ್ದುದನ್ನು ಎರಡಾಗಿ ವಿಂಗಡಿಸಲಾಯಿತು. ಕಚೇರಿ, ಕೆರೆ, ರಸ್ತೆ, ಅರಣ್ಯ, ಖಜಾನೆ ಇವೆಲ್ಲ ರಾಜ್ಯದ ಆಸ್ತಿಯಾಗಿ ಸರ್ಕಾರಕ್ಕೆ ಸೇರಿದವು. ಅರಸನ ಸ್ವಂತದ್ದೆಂದು ಒಪ್ಪಲಾದ ಅರಮನೆ, ತೋಟ, ಒಡವೆಗಳು ಪ್ರತ್ಯೇಕ ಪಟ್ಟಿಯಲ್ಲಿ ದಾಖಲಾದವು. ಮೈಸೂರಿನ ಮಟ್ಟಿಗೆ 1950ರ ಜನವರಿಯ ಒಪ್ಪಂದದ ಮೂಲಕ ಈ ವಿಂಗಡಣೆ ನಡೆದು, ಬೆಂಗಳೂರು ಅರಮನೆ ಜಯಚಾಮರಾಜೇಂದ್ರ ಒಡೆಯರ ಖಾಸಗಿ ಆಸ್ತಿಗಳ ಪಟ್ಟಿಯಲ್ಲಿ ಸೇರಿತು. ಅದಕ್ಕೊಂದು ಹಿನ್ನೆಲೆಯೂ ಇದೆ. ಈ ಜಾಗ ಯುದ್ಧದಲ್ಲಿ ಗೆದ್ದದ್ದಲ್ಲ, ಪರಂಪರೆಯಿಂದ ಬಂದದ್ದೂ ಅಲ್ಲ. ಬೆಂಗಳೂರಿನ ಸೆಂಟ್ರಲ್ ಹೈಸ್ಕೂಲಿನ ಮೊದಲ ಮುಖ್ಯಸ್ಥರಾಗಿದ್ದ ರೆವರೆಂಡ್ ಗ್ಯಾರೆಟ್ ಅವರಿಂದ 1873ರಲ್ಲಿ, ಇನ್ನೂ ಬಾಲಕರಾಗಿದ್ದ ಚಾಮರಾಜೇಂದ್ರ ಒಡೆಯರ ಪರವಾಗಿ, 40,000 ರೂಪಾಯಿಗೆ ಕ್ರಯಕ್ಕೆ ಪಡೆದದ್ದು. ಎಂದರೆ ಮೂಲದಲ್ಲಿರುವುದು ಒಂದು ಕ್ರಯಪತ್ರದ ವ್ಯವಹಾರ.

1971ರಲ್ಲಿ ಸಂವಿಧಾನಕ್ಕೆ ಬಂದ 26ನೇ ತಿದ್ದುಪಡಿಯು ಅರಸರ ಬಿರುದು, ಮಾನ್ಯತೆ ಮತ್ತು ರಾಜಧನಗಳನ್ನು, ಅಂದರೆ ಸರ್ಕಾರ ಅವರಿಗೆ ಪ್ರತಿವರ್ಷ ಕೊಡುತ್ತಿದ್ದ ಹಣವನ್ನು, ತೆಗೆದುಹಾಕಿತು. ಮೈಸೂರಿನ ರಾಜಧನ ವರ್ಷಕ್ಕೆ 26 ಲಕ್ಷ ರೂಪಾಯಿ. ರದ್ದಾಗುವ ಹೊತ್ತಿಗೆ ದೇಶದಲ್ಲೇ ಅತಿ ಹೆಚ್ಚಿನದು. ಆದರೆ ಆ ತಿದ್ದುಪಡಿ ಖಾಸಗಿ ಆಸ್ತಿಯನ್ನು ಮುಟ್ಟಲಿಲ್ಲ. ಬಿರುದು ಹೋದ ಮೇಲೆ ಅವರು ಉಳಿದೆಲ್ಲರಂತೆ ಪ್ರಜೆಗಳಾದರು, ಪ್ರಜೆಯ ಆಸ್ತಿಗೆ ಇರುವ ರಕ್ಷಣೆಯೇ ಅವರ ಆಸ್ತಿಗೂ ಅನ್ವಯಿಸಿತು. ‘ರಾಜನೇ ಇಲ್ಲವೆಂದ ಮೇಲೆ ರಾಜನ ಜಾಗ ಜನರದು’ ಎಂಬ ಮಾತು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ರಾಜ್ಯ ಸರ್ಕಾರವೂ ಈ ವಾದವನ್ನು ನೆಚ್ಚಿಕೊಳ್ಳಲಿಲ್ಲ. ಅದು ‘ಬೆಂಗಳೂರು ಅರಮನೆ (ಸ್ವಾಧೀನ ಮತ್ತು ವರ್ಗಾವಣೆ) ಕಾಯ್ದೆ, 1996’ ಎಂಬ ಕಾನೂನನ್ನೇ ಮಾಡಿ, ಅರಮನೆಯನ್ನೂ ಸುತ್ತಲಿನ 472 ಎಕರೆ 16 ಗುಂಟೆ ಜಾಗವನ್ನೂ 11 ಕೋಟಿ ರೂಪಾಯಿ ಪರಿಹಾರಕ್ಕೆ ತನ್ನದಾಗಿಸಿಕೊಂಡಿತು. ಸ್ವಾಧೀನಕ್ಕೆಂದು ಕಾಯ್ದೆ ತರುವುದೆಂದರೆ, ಅದುವರೆಗೆ ಆ ಸ್ವತ್ತು ಬೇರೆಯವರದು ಎಂದು ಒಪ್ಪಿಕೊಂಡ ಹಾಗೆಯೇ ಅಲ್ಲವೇ! ರಾಜಮನೆತನ ಇದನ್ನು ಪ್ರಶ್ನಿಸಿತು. 1997ರಲ್ಲಿ ಹೈಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಅದೇ ವರ್ಷ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು, ಯಥಾಸ್ಥಿತಿ ಕಾಪಾಡುವ ಆದೇಶವೂ ಬಂತು. ಕಾಯ್ದೆಯನ್ನು ಪ್ರಶ್ನಿಸಿದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರು 2013ರಲ್ಲಿ ತೀರಿಕೊಂಡರು; ಮೇಲ್ಮನವಿ ಮಾತ್ರ ಅವರ ವಾರಸುದಾರರ ಕೈಯಲ್ಲಿ ಮುಂದುವರಿಯಿತು.

ಈಗ ನಿಮ್ಮ ಮೊದಲ ಪ್ರಶ್ನೆ. 2024ರ ಡಿಸೆಂಬರ್ 10ರ ಆದೇಶ ಒಡೆತನದ ತೀರ್ಪಲ್ಲ. ಅದು ನ್ಯಾಯಾಂಗ ನಿಂದನೆಯ ಪ್ರಕರಣದಲ್ಲಿ ಬಂದದ್ದು. ಬಳ್ಳಾರಿ ರಸ್ತೆ ಮತ್ತು ಜಯಮಹಲ್ ರಸ್ತೆಯ ಅಗಲೀಕರಣಕ್ಕೆ 15 ಎಕರೆ 39 ಗುಂಟೆ ಬೇಕಾಗಿತ್ತು. ಆ ಜಾಗಕ್ಕೆ ಪ್ರತಿಯಾಗಿ ಟಿಡಿಆರ್, ಅಂದರೆ ಬೇರೆಡೆ ಬಳಸಬಹುದಾದ ಅಥವಾ ಮಾರಬಹುದಾದ ಹೆಚ್ಚುವರಿ ಕಟ್ಟಡ ನಿರ್ಮಾಣದ ಹಕ್ಕನ್ನು ಕೊಡುವಂತೆ 2014ರಲ್ಲೇ ನ್ಯಾಯಾಲಯ ಹೇಳಿತ್ತು. ಅದು ಪಾಲನೆಯಾಗದ ಕಾರಣ, ಮಾರ್ಗಸೂಚಿ ದರದ ಆಧಾರದಲ್ಲಿ ಲೆಕ್ಕ ಹಾಕಿ ಟಿಡಿಆರ್ ಕೊಡಬೇಕೆಂದು 2024ರಲ್ಲಿ ಆದೇಶವಾಯಿತು. ಅದರ ಮೌಲ್ಯ 3,000 ಕೋಟಿ ರೂಪಾಯಿಯನ್ನು ಮೀರುತ್ತದೆ. ಮುಖ್ಯ ಮೇಲ್ಮನವಿ ಆಗಲೂ ಇತ್ಯರ್ಥವಾಗಿರಲಿಲ್ಲ.

ಸರ್ಕಾರದ ಸಂಕಟವೇನೆಂಬುದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 1996ರ ಕಾಯ್ದೆಯ ದರದಲ್ಲಿ ಎಕರೆಗೆ ಸುಮಾರು 2 ಲಕ್ಷ 33 ಸಾವಿರ ರೂಪಾಯಿ ಬೀಳುತ್ತದೆ. ಆ ಪ್ರಕಾರ ರಸ್ತೆಯ ಜಾಗಕ್ಕೆ ಸಲ್ಲುವುದು ಸುಮಾರು 37 ಲಕ್ಷ ಮಾತ್ರ. ಒಂದೇ ತುಂಡು ಭೂಮಿಗೆ ಒಂದು ಲೆಕ್ಕದಲ್ಲಿ 37 ಲಕ್ಷ, ಇನ್ನೊಂದು ಲೆಕ್ಕದಲ್ಲಿ 3,000 ಕೋಟಿ! ಈ ಅಂತರ ಹುಟ್ಟಿದ್ದು ಮುಖ್ಯ ಪ್ರಶ್ನೆಯನ್ನು ಇಷ್ಟು ವರ್ಷ ಬಾಕಿ ಉಳಿಸಿಕೊಂಡದ್ದರಿಂದ ಎಂಬುದು ನನ್ನ ಅಭಿಪ್ರಾಯ. ಕಾಯ್ದೆ ಸಿಂಧುವೋ ಅಲ್ಲವೋ ಎಂದು ಕಾಲಕ್ಕೆ ಸರಿಯಾಗಿ ತೀರ್ಮಾನವಾಗಿದ್ದರೆ ಈ ಎರಡು ಲೆಕ್ಕಗಳಲ್ಲಿ ಒಂದು ಹುಟ್ಟುತ್ತಲೇ ಇರಲಿಲ್ಲ.

ಮರುಪರಿಶೀಲನೆಯ ಬಗ್ಗೆ ಬಹಳ ಜನರಿಗೆ ತಪ್ಪು ಕಲ್ಪನೆ ಇದೆ. ಸಂವಿಧಾನದ 137ನೇ ವಿಧಿ ಸುಪ್ರೀಂ ಕೋರ್ಟಿಗೆ ತನ್ನದೇ ತೀರ್ಪನ್ನು ಮರುಪರಿಶೀಲಿಸುವ ಅಧಿಕಾರ ನೀಡಿದೆ, ನಿಜ. ಆದರೆ ಅದು ಮೇಲ್ಮನವಿಯ ಇನ್ನೊಂದು ರೂಪವಲ್ಲ. ದಾಖಲೆ ನೋಡಿದೊಡನೆ ಎದ್ದು ಕಾಣುವ ತಪ್ಪಿರಬೇಕು, ಅಥವಾ ಎಷ್ಟೇ ಎಚ್ಚರ ವಹಿಸಿದರೂ ಆಗ ಸಿಗದಿದ್ದ ಮಹತ್ವದ ಪುರಾವೆ ಈಗ ಸಿಕ್ಕಿರಬೇಕು. ಅರ್ಜಿಯನ್ನು ಸಾಮಾನ್ಯವಾಗಿ 30 ದಿನಗಳೊಳಗೆ ಸಲ್ಲಿಸಬೇಕು. ಸಾಧ್ಯವಾದಷ್ಟೂ ಅದೇ ನ್ಯಾಯಮೂರ್ತಿಗಳೇ, ಹೆಚ್ಚಿನ ಸಂದರ್ಭಗಳಲ್ಲಿ ವಕೀಲರ ವಾದವಿಲ್ಲದೆ, ತಮ್ಮ ಕೊಠಡಿಯಲ್ಲೇ ಅದನ್ನು ಓದಿ ನಿರ್ಧರಿಸುತ್ತಾರೆ. ‘ನಮ್ಮ ವಾದವನ್ನು ಇನ್ನೂ ಚೆನ್ನಾಗಿ ಮಂಡಿಸುತ್ತಿದ್ದೆವು’ ಎಂಬುದು ಕಾರಣವಾಗದು. ಬಹುಪಾಲು ಅರ್ಜಿಗಳು ವಜಾ ಆಗುವುದು ಇದರಿಂದಲೇ. ಆದ್ದರಿಂದ ಮರುಪರಿಶೀಲನೆಯ ನೆಪದಲ್ಲಿ 1873ರ ಕ್ರಯದಿಂದ ಮೊದಲ್ಗೊಂಡು ಎಲ್ಲವೂ ಮತ್ತೆ ವಿಚಾರಣೆಗೆ ಬರುವುದಿಲ್ಲ. ಒಡೆತನದ ಪ್ರಶ್ನೆಗೆ ಉತ್ತರ ಸಿಗಬೇಕಾದದ್ದು 1997ರ ಮೇಲ್ಮನವಿಯಲ್ಲಿ.

ಸರ್ಕಾರಕ್ಕೆ ಇನ್ನೊಂದು ದಾರಿಯಿದೆ, ಅದನ್ನೂ ಅದು ಹಿಡಿದಿದೆ: 2025ರ ಆರಂಭದಲ್ಲಿ ಅರಮನೆ ಭೂಮಿಯ ಬಳಕೆ ಮತ್ತು ನಿಯಂತ್ರಣದ ಬಗ್ಗೆ ಸುಗ್ರೀವಾಜ್ಞೆ ಹೊರಡಿಸಿತು. ಶಾಸಕಾಂಗ ಒಂದು ತೀರ್ಪನ್ನು ‘ರದ್ದು’ ಎಂದು ಸಾರುವಂತಿಲ್ಲ. ಆ ತೀರ್ಪು ನಿಂತಿರುವ ಕಾನೂನಿನ ಆಧಾರವನ್ನು ಬದಲಿಸಬಹುದು. ಸುಪ್ರೀಂ ಕೋರ್ಟಿನ ಪೃಥ್ವಿ ಕಾಟನ್ ಮಿಲ್ಸ್ ಪ್ರಕರಣದಿಂದ ಈಚೆಗೆ ಸ್ಥಿರಪಟ್ಟಿರುವ ಈ ಸೂತ್ರದ ಯಾವ ಬದಿಗೆ ಹೊಸ ಕಾನೂನು ಬೀಳುತ್ತದೆ ಎಂಬುದನ್ನು ನ್ಯಾಯಾಲಯವೇ ಅಳೆಯಬೇಕು.

ಮುಖ್ಯ ಮೇಲ್ಮನವಿಯನ್ನು ಅಳೆಯಲು ಹತ್ತಿರದ ಒಂದು ನಿದರ್ಶನವಿದೆ. ತಾತಗುಣಿಯ ದೇವಿಕಾರಾಣಿ ರೋರಿಚ್ ಎಸ್ಟೇಟನ್ನು ರಾಜ್ಯ ಪಡೆದುಕೊಂಡದ್ದೂ 1996ರ ಇಂಥದೇ ‘ಸ್ವಾಧೀನ ಮತ್ತು ವರ್ಗಾವಣೆ’ ಕಾಯ್ದೆಯಿಂದ. 2011ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಕಾಯ್ದೆಯನ್ನು ಎತ್ತಿಹಿಡಿಯಿತು. ಜೊತೆಗೇ, ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯಬಾರದೆನ್ನುವ ಸಂವಿಧಾನದ 300ಎ ವಿಧಿಯಡಿ ಆಸ್ತಿ ಕಳೆದುಕೊಳ್ಳುವವರಿಗೆ ಕೊಡುವ ಪರಿಹಾರ ತೋರಿಕೆಯದಾಗಿರಬಾರದೆಂದೂ ಹೇಳಿತು. ಮೊದಲ ಮಾತು ಸರ್ಕಾರಕ್ಕೆ ಬಲ, ಎರಡನೆಯದು ರಾಜಮನೆತನಕ್ಕೆ. ಸ್ವಾಧೀನದ ಅಧಿಕಾರಕ್ಕಿಂತ ಹೆಚ್ಚಾಗಿ ಆ 11 ಕೋಟಿಯ ಸುತ್ತಲೇ ವಾದ ಬಿಗಿಯಾಗುತ್ತದೆಂದು ನನಗನ್ನಿಸುತ್ತದೆ.

ಪ್ರಶ್ನೆ: ವ್ಯಾಜ್ಯ ಬಾಕಿಯಿರುವ ಹಳೆಯ ಅರಮನೆ ಆಸ್ತಿಯೊಂದರಲ್ಲಿ ನಿವೇಶನ ಕೊಳ್ಳಬಹುದೇ? ಮಾರುವವರು ಖಾತೆ ತೋರಿಸುತ್ತಿದ್ದಾರೆ.
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಖಾತೆ ಕಂದಾಯಕ್ಕೆಂದು ಇರುವ ದಾಖಲೆ, ಒಡೆತನದ ಪುರಾವೆಯಲ್ಲ. ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಕಲಮಿನ ಪ್ರಕಾರ, ದಾವೆ ನಡೆಯುತ್ತಿರುವಾಗ ಕೊಂಡವರ ಕ್ರಯ ತನ್ನಷ್ಟಕ್ಕೆ ಅಸಿಂಧುವಾಗದಿದ್ದರೂ, ಅವರು ಆ ದಾವೆಯ ಅಂತಿಮ ತೀರ್ಪಿಗೆ ಬದ್ಧರು; ವ್ಯಾಜ್ಯದ ಸಂಗತಿ ಗೊತ್ತಿರಲಿಲ್ಲವೆಂಬ ಸಮಜಾಯಿಷಿ ನಡೆಯದು. ಯಥಾಸ್ಥಿತಿ ಆದೇಶವಿದ್ದರೆ ತೊಡಕು ಇನ್ನೂ ಹೆಚ್ಚು. ಮುಂಗಡ ಕೊಡುವ ಮುನ್ನ ಆ ಪ್ರಕರಣದ ಎಲ್ಲ ಮಧ್ಯಂತರ ಆದೇಶಗಳ ದೃಢೀಕೃತ ನಕಲು ತೆಗೆಸಿ, ಮಾರುವವರಿಗೆ ಸಂಬಂಧವಿಲ್ಲದ ವಕೀಲರಿಂದ ಓದಿಸಿ.