ರಾತ್ರಿ 10ಕ್ಕೆ ಮಲಗಿದರೂ 12ರ ತನಕ ನಿದ್ದೆ ಹತ್ತುವುದಿಲ್ಲ, ಏನು ಮಾಡಲಿ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒಂದೇ ಕೋಣೆಯ ಮನೆ, ಬೆಳಗ್ಗೆ 5:30ಕ್ಕೆ ಏಳಲೇಬೇಕು, ಅದಕ್ಕೇ 10ಕ್ಕೆಲ್ಲ ಹಾಸಿಗೆ ಸೇರುತ್ತೇನೆ, ಆದರೂ ಎರಡು ಗಂಟೆ ಬರೀ ಹೊರಳಾಟ, ನಾಲ್ಕು ತಿಂಗಳಾಯ್ತು ಅಂದಿದ್ದೀರಿ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ನಿದ್ರಾಹೀನತೆ. ಮಲಗುವ ಮುನ್ನ ಬಿಸಿ ಹಾಲು ಕುಡಿದ ಮಾತ್ರಕ್ಕೆ ಬಗ್ಗುವಂಥದ್ದಲ್ಲ.

ನನ್ನ ಪ್ರಕಾರ ನಿಮಗೆ ಕಾಟ ಕೊಡುತ್ತಿರುವುದು ಆ ಬೇಗ ಮಲಗುವ ಅಭ್ಯಾಸವೇ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ತುಂಬಿ ಬಂದಾಗ ನಿದ್ದೆ ತಾನಾಗಿ ಒತ್ತುತ್ತದೆ. ಸಂಜೆ ಲೋಕಲ್ ರೈಲಲ್ಲಿ ಕಿಟಕಿ ಸೀಟು ಸಿಕ್ಕಿತೆಂದು ಸಿಎಸ್‌ಎಂಟಿಯಿಂದ ಠಾಣೆವರೆಗೆ ತೂಕಡಿಸಿದರೆ, ಕೂಡಿಟ್ಟದ್ದರಲ್ಲಿ ಒಂದು ಪಾಲು ಅಲ್ಲೇ ಖರ್ಚು. 6 ಗಂಟೆಯ ಕಟಿಂಗ್ ಚಹಾವೂ ಕಾಟವೇ: ಅದರಲ್ಲಿರುವ ಕೆಫೀನ್ ಅಡೆನೊಸಿನ್‌ನ ಕೆಲಸಕ್ಕೆ ಅಡ್ಡ ಬರುತ್ತದೆ, ಅದು ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಮಧ್ಯಾಹ್ನ 2ರ ಮೇಲೆ ಚಹಾ ಬಿಡಿ.

ಮುಖ್ಯ ಮದ್ದು, ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ನಿದ್ರಾ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತು ಸಂಗಡಿಗರು 1987ರಲ್ಲಿ ವಿವರಿಸಿದ ವಿಧಾನ ಇದು. ಒಂದು ವಾರ, ಬೆಳಗ್ಗೆ ಎದ್ದ ಮೇಲೆ ಅಂದಾಜಿನಲ್ಲೇ ಬರೆದಿಡಿ: ಎಷ್ಟಕ್ಕೆ ಮಲಗಿದೆ, ಎಷ್ಟು ಹೊತ್ತು ನಿದ್ದೆ ಆಯ್ತು. ರಾತ್ರಿ ಗಡಿಯಾರ ನೋಡಬೇಡಿ. ನೀವು ಹೇಳಿದಂತೆ ಹಾಸಿಗೆಯಲ್ಲಿ 7.5 ಗಂಟೆ, ನಿದ್ದೆ 5.5 ಗಂಟೆ, ಅಂದರೆ ಹಾಸಿಗೆಯ ಹೊತ್ತಿನಲ್ಲಿ ನಿದ್ದೆ ಶೇ. 73. ಹಾಗಾದರೆ ಮಲಗುವುದು 12ಕ್ಕೆ, ಏಳುವುದು 5:30ಕ್ಕೆ, ಭಾನುವಾರವೂ. ವಾರದ ಸರಾಸರಿ ಶೇ. 85 ಮುಟ್ಟಿದರೆ ಮಲಗುವ ಹೊತ್ತನ್ನು 15 ನಿಮಿಷ ಹಿಂದಕ್ಕೆ ತನ್ನಿ, 11:45ಕ್ಕೆ. ಮುಟ್ಟದಿದ್ದರೆ ಅದೇ ಹೊತ್ತು ಇನ್ನೊಂದು ವಾರ. ನಿದ್ದೆ ಎಷ್ಟೇ ಕಡಿಮೆಯಿದ್ದರೂ ಹಾಸಿಗೆಯ ಹೊತ್ತು 5 ಗಂಟೆಗಿಂತ ಕೆಳಗಿಳಿಯಬಾರದು.

ಹೆಚ್ಚಿನವರು ಎಡವುವುದು ನಾಲ್ಕೈದನೇ ದಿನ. ಹಗಲಲ್ಲಿ ಕಣ್ಣು ಎಳೆಯುತ್ತದೆ, ಭಾನುವಾರ 9ರವರೆಗೆ ಮಲಗಿಬಿಡುತ್ತಾರೆ, ಅಲ್ಲಿಗೆ ಎಲ್ಲ ಮೊದಲಿನಿಂದ ಶುರು. ಮೊದಲ ಎರಡು ವಾರ ದಯವಿಟ್ಟು ಲೋಕಲಿನ ಬಾಗಿಲಲ್ಲಿ ನಿಲ್ಲಬೇಡಿ, ಬೈಕ್ ಓಡಿಸಬೇಡಿ.

ಒಂದೇ ಕೋಣೆಯಲ್ಲಿ ಹಾಸಿಗೆ ಬಿಟ್ಟು ಎಲ್ಲಿಗೆ ಹೋಗಲಿ ಅನ್ನಬಹುದು. ಹಾಸಿಗೆಯನ್ನು ಸುತ್ತಿಟ್ಟು 12ಕ್ಕೇ ಬಿಚ್ಚಿ; ಅಲ್ಲಿಯವರೆಗೆ ಅದರ ಮೇಲೆ ಟಿವಿ, ಊಟ, ಮೊಬೈಲು ಏನೂ ಬೇಡ. ಅಂದಾಜು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಅಡುಗೆ ಕಟ್ಟೆಯ ಪಕ್ಕ ಕುರ್ಚಿ ಹಾಕಿ ಕೂತುಕೊಳ್ಳಿ. ಮಂದ ಬೆಳಕು ಸಾಕು. ಒಗೆದ ಬಟ್ಟೆ ಮಡಚಿ, ಬೆಳ್ಳುಳ್ಳಿ ಸುಲಿಯಿರಿ. ರೆಪ್ಪೆ ಭಾರವಾದಾಗಲೇ ಮರಳಿ. ಹಾಸಿಗೆ ಕಂಡರೆ ದೇಹಕ್ಕೆ ಹೊರಳಾಟ ನೆನಪಾಗುವುದು ತಪ್ಪಬೇಕಾದರೆ ಇದೇ ದಾರಿ.

ಜೋರು ಗೊರಕೆ, ಮಧ್ಯೆ ಉಸಿರು ಕಟ್ಟಿ ಎಚ್ಚರವಾಗುವುದು, ಕಾಲೊಳಗೆ ಹರಿದಾಡಿದಂತಾಗುವುದು ಇದ್ದರೆ ಮೊದಲು ಡಾಕ್ಟರ್. ಫಿಟ್ಸ್ ಅಥವಾ ಬೈಪೋಲಾರ್ (ಮನಸ್ಸು ವಿಪರೀತ ಏರಿಳಿಯುವ ಕಾಯಿಲೆ) ಇದ್ದವರು ಈ ವಿಧಾನವನ್ನು ತಾವಾಗಿ ಮಾಡಲೇಬಾರದು. ನಿದ್ದೆ ಮಾತ್ರೆ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ ಇಳಿಸಿ. ಮನಸ್ಸು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಮುಂಬೈಯಿಂದಲೂ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದ ಆಯ್ಕೆಯೂ ಇದೆ.