ಕಾರ್ನಕ್ ಹಜಾರದ ಎರಡು ಬಗೆಯ ಕೆತ್ತನೆ

ಈಜಿಪ್ಟಿನ ಲಕ್ಸರ್‌ನ ಕಾರ್ನಕ್ ದೇವಾಲಯದ ಕಂಬಗಳ ಹಜಾರದಲ್ಲಿ ಒಂದು ಕಡೆಯ ಚಿತ್ರಗಳು ಉಬ್ಬಿಕೊಂಡಿವೆ, ಇನ್ನೊಂದು ಕಡೆಯವು ಕಲ್ಲಿನೊಳಕ್ಕೆ ಇಳಿದಿವೆ, ಅವು ಬೇರೆ ಬೇರೆ ಕಾಲದವೇ ಎಂದು ಕೇಳಿದ್ದೀರಿ. ಹೌದು, ಆದರೆ ಅಂತರ ಒಂದೇ ತಲೆಮಾರಿನದು. ಉತ್ತರ ಭಾಗವನ್ನು ಕೆತ್ತಿಸಿದವನು ಪ್ರಾಚೀನ ಈಜಿಪ್ಟಿನ ದೊರೆ ಮೊದಲನೇ ಸೇಟಿ, ದಕ್ಷಿಣ ಭಾಗವನ್ನು ಅವನ ಮಗ ಎರಡನೇ ರಾಮ್ಸೆಸ್.

ಉಬ್ಬುಶಿಲ್ಪಕ್ಕೆ ಚಿತ್ರದ ಸುತ್ತಲಿನ ಕಲ್ಲನ್ನೆಲ್ಲ ಕೆತ್ತಿ ತೆಗೆಯಬೇಕು. ತಗ್ಗುಶಿಲ್ಪದಲ್ಲಿ ಗೆರೆಯನ್ನು ಆಳವಾಗಿ ಕೊರೆದು, ಅದರೊಳಗೇ ಮೈಕಟ್ಟು ಮೂಡಿಸಿದರಾಯಿತು. ಕೆಲಸ ಬೇಗ ಮುಗಿಯುತ್ತದೆ. ಬಿಸಿಲು ಬೀಳುವ ಹೊರಗೋಡೆಗಳಿಗೆ ಅದೇ ಒಪ್ಪುತ್ತದೆ, ಏಕೆಂದರೆ ಕೊರೆದ ಅಂಚಿನ ನೆರಳೇ ಆಕೃತಿಯನ್ನು ಎತ್ತಿ ತೋರಿಸುತ್ತದೆ. ರಾಮ್ಸೆಸ್ ಕೂಡ ಮೊದಲು ತಂದೆಯಂತೆ ಉಬ್ಬುಶಿಲ್ಪವನ್ನೇ ಮಾಡಿಸುತ್ತಿದ್ದ. ಆಮೇಲೆ ಮನಸ್ಸು ಬದಲಿಸಿ, ಆಗಲೇ ಮುಗಿದಿದ್ದ ಕೆಲವನ್ನೂ ತಗ್ಗಾಗಿ ಮತ್ತೆ ಕೆತ್ತಿಸಿದ. ನನ್ನ ಕಣ್ಣಿಗೆ ಸೇಟಿಯ ಕಡೆಯ ಕೆಲಸವೇ ಹೆಚ್ಚು ನಾಜೂಕು. ಅಲ್ಲಿನ ಮುಖಗಳನ್ನು ನಿಧಾನವಾಗಿ ನೋಡಿ.

ಕಂಬಗಳು ಒಟ್ಟು 134. ನಡುಹಾದಿಯ 12 ಕಂಬಗಳು ಸುಮಾರು 21 ಮೀಟರ್ ಎತ್ತರ, ತುದಿಯಲ್ಲಿ ಅರಳಿದ ಪಪೈರಸ್ (ಜೌಗಿನಲ್ಲಿ ಬೆಳೆಯುವ ಜೊಂಡು) ಹೂವು. ಉಳಿದ 122 ಕುಳ್ಳು, ಅವುಗಳ ತುದಿಯಲ್ಲಿ ಮುಚ್ಚಿದ ಮೊಗ್ಗು. ಈ ಎತ್ತರದ ವ್ಯತ್ಯಾಸದ ಜಾಗದಲ್ಲೇ ಕಲ್ಲಿನ ಜಾಲಂಧ್ರಗಳಿದ್ದವು. ಬೆಳಕು ಬರುತ್ತಿದ್ದುದು ಅಲ್ಲಿಂದ, ಬೀಳುತ್ತಿದ್ದುದು ಅರಳಿದ ಹೂಗಳ ಮೇಲೆ. ಈಜಿಪ್ಟಿನವರು ನಂಬಿದ್ದ ಸೃಷ್ಟಿಯ ಆದಿಯ ಜೌಗುನೆಲವನ್ನು ಕಲ್ಲಿನಲ್ಲಿ ನಿಲ್ಲಿಸಿದ ಬಗೆ ಇದು. ಈಗ ಚಾವಣಿ ಬಹುಪಾಲು ಇಲ್ಲ. ಆದರೂ ಮೇಲಿನ ತೊಲೆಗಳ ಅಡಿಭಾಗ ನೋಡಲು ಮರೆಯಬೇಡಿ, ಅಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ.